ಆಕಾಶದ ಲೆಕ್ಕ ಬರೆದಿಟ್ಟವರು

2025ರ ಫೆಬ್ರವರಿ 28, ಶುಕ್ರವಾರ. ಹಿಜರಿ ಲೆಕ್ಕದಲ್ಲಿ ಶಾಬಾನ್ ತಿಂಗಳ ಇಪ್ಪತ್ತೊಂಬತ್ತನೆಯ ದಿನ. ಮಗ್ರಿಬ್ ನಮಾಝ್ ಮುಗಿಸಿ ದಾವಣಗೆರೆಯ ದೇವರಾಜ ಅರಸು ಬಡಾವಣೆಯ ನಮ್ಮ ಮನೆಯ ಮಹಡಿ ಹತ್ತಿದಾಗ ಅಕ್ಕಪಕ್ಕದ ಮಹಡಿಗಳ ಮೇಲೆ ಆಗಲೇ ಜನ ಸೇರಿದ್ದರು. ಪಡುವಣದಲ್ಲಿ ಶುಕ್ರಗ್ರಹ ದೀಪ ಹಚ್ಚಿಟ್ಟಂತೆ ಹೊಳೆಯುತ್ತಿತ್ತು. ಪುಟ್ಟ ಮಕ್ಕಳು ಅದನ್ನೇ ತೋರಿಸಿ 'ಚಾಂದ್, ಚಾಂದ್' ಎಂದು ಕುಣಿಯುತ್ತಿದ್ದವು. ದೊಡ್ಡವರ ಕಣ್ಣು ಅದಕ್ಕಿಂತ ಕೆಳಗೆ, ದಿಗಂತದ ಧೂಳಿನಲ್ಲಿ ಏನನ್ನೋ ಹುಡುಕುತ್ತಿತ್ತು.

ನನ್ನ ತಂಗಿಯ ಮಗಳು ಬಿ.ಎಸ್ಸಿ. ಓದುತ್ತಾಳೆ. ಅವಳು ಆಕಾಶ ನೋಡುತ್ತಿರಲಿಲ್ಲ, ಮೊಬೈಲ್ ನೋಡುತ್ತಿದ್ದಳು. "ಮಾಮು, ಅಮಾವಾಸ್ಯೆ ಆಗಿದ್ದು ಇವತ್ತು ಬೆಳಿಗ್ಗೆ 6.15ಕ್ಕೆ. ಚಂದ್ರನಿಗೆ ಈಗ ಹನ್ನೆರಡು ಗಂಟೆಯ ವಯಸ್ಸು. ನಮ್ಮೂರಲ್ಲಿ ಬರಿಗಣ್ಣಿಗೆ ಸಿಗಲ್ಲ" ಎಂದಳು.

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ಲೆಕ್ಕ ತೆಗೆದು ನೋಡಿದೆ."

ಅಮೆರಿಕದ ನಾಸಾ ಸಂಸ್ಥೆಗೆ ಸೇರಿದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದವರು 'ಹೊರೈಜ಼ನ್ಸ್' ಎಂಬ ಗಣಕ ವ್ಯವಸ್ಥೆಯೊಂದನ್ನು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ನಮ್ಮೂರಿನ ಅಕ್ಷಾಂಶ 14.46, ರೇಖಾಂಶ 75.92 ಎಂದು ಕೊಟ್ಟು, ದಿನ ಮತ್ತು ಹೊತ್ತು ಹೇಳಿದರೆ, ಆ ಕ್ಷಣದಲ್ಲಿ ಚಂದ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದ್ದಾನೆ, ಸೂರ್ಯನಿಂದ ಎಷ್ಟು ದೂರ ಸರಿದಿದ್ದಾನೆ ಎಂಬುದನ್ನು ಸಾಲು ಸಾಲಾಗಿ ಕೊಡುತ್ತದೆ. ಅದಕ್ಕೆ ದುಡ್ಡಿಲ್ಲ, ಶಿಫಾರಸು ಬೇಕಿಲ್ಲ. ಅವಳ ಪರದೆಯ ಮೇಲಿದ್ದ ಆ ಅಂಕಿಗಳ ಕಂಬಸಾಲು ನೋಡಿದಾಗ ನನಗೆ ನಮ್ಮ ದಾದಿಯ ಪೆಟ್ಟಿಗೆಯಲ್ಲಿದ್ದ ಉರ್ದು ಜಂತ್ರಿ ನೆನಪಾಯಿತು. ಅದೇ ಹೊತ್ತಿಗೆ ಪಕ್ಕದ ಮನೆಯ ಗೋಡೆಗೆ ತೂಗುತ್ತಿದ್ದ ಕನ್ನಡ ಪಂಚಾಂಗವೂ ನೆನಪಾಯಿತು. ಲಿಪಿ ಬೇರೆ, ಹಬ್ಬ ಬೇರೆ. ಒಳಗಿದ್ದ ಚಂದ್ರ ಮಾತ್ರ ಒಬ್ಬನೇ.

ಹೀಗೆ ಆಕಾಶವನ್ನು ಅಂಕಿಯ ಪಟ್ಟಿಗೆ ಇಳಿಸುವ ಕೆಲಸಕ್ಕೆ ಅರಬ್ಬಿ ಮತ್ತು ಪಾರಸಿ ವಿದ್ವಾಂಸರು ಇಟ್ಟ ಹೆಸರು 'ಝೀಜ್'. ಇದು ಹಳೆಯ ಪಾರಸಿಯಿಂದ ಬಂದ ಪದ. ಮೂಲದಲ್ಲಿ ದಾರ, ಹುರಿ ಎಂಬರ್ಥ. ಮಗ್ಗದ ಮೇಲೆ ಎಳೆದು ಕಟ್ಟಿದ ಹಾಸಿನ ನೂಲುಗಳಂತೆ ಈ ಪಟ್ಟಿಯ ಗೆರೆಗಳು ಕಾಣುತ್ತವೆ ಎಂಬುದಕ್ಕೆ ಈ ಹೆಸರು ಬಂತು. ಹತ್ತಿ ಗಿರಣಿಗಳ ಊರಾದ ದಾವಣಗೆರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಸು ತಾರೀಖು, ಹೊಕ್ಕು ಗ್ರಹ; ಎರಡೂ ಕೂಡುವ ಗಂಟಿನಲ್ಲಿ ಒಂದು ಅಂಕಿ.

ಝೀಜ್‌ಗಳ ಸ್ವಭಾವವೇ ಕೈಯಿಂದ ಕೈಗೆ ಸಾಗುವುದು. ಇಸ್ಫಹಾನ್‌ನ ಅಬ್ದುರ್ರಹ್ಮಾನ್ ಅಲ್-ಸೂಫಿ 964ರಲ್ಲಿ ಸ್ಥಿರ ನಕ್ಷತ್ರಗಳ ಪುಸ್ತಕ ಬರೆದಾಗ ಗ್ರೀಕರ ಟಾಲೆಮಿಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು ತನ್ನ ಕಣ್ಣಿನಿಂದ ಒಂದೊಂದನ್ನೂ ಪರೀಕ್ಷಿಸಿದ. ಇಂದು ನಾವು ಆಂಡ್ರೊಮಿಡಾ ಎನ್ನುವ ನಕ್ಷತ್ರ ಸಮೂಹವನ್ನು 'ಪುಟ್ಟ ಮೋಡ' ಎಂದು ಗುರುತಿಸಿಟ್ಟವನೂ ಅವನೇ. ಸಮರ್ಕಂದದ ಉಲೂಗ್ ಬೇಗ್ ರಾಜನಾಗಿದ್ದೂ ಗಣಿತಜ್ಞ. ಅವನ ವೇಧಶಾಲೆಯಲ್ಲಿ ಅಲ್-ಕಾಶಿ, ಖಾಝೀಝಾದಾ, ಅಲಿ ಖುಶ್ಚಿ ಮೊದಲಾದವರು ಕೂತು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನ ಅಳೆದರು. ಆ ಪಟ್ಟಿ 1437ರಲ್ಲಿ ಸಿದ್ಧವಾಯಿತು. 1449ರಲ್ಲಿ ಉಲೂಗ್ ಬೇಗ್ ಕೊಲೆಯಾದ, ವೇಧಶಾಲೆ ಹಾಳುಬಿತ್ತು. ಅದು ಇದ್ದ ಜಾಗವೇ ಮರೆತುಹೋಗಿ, 1908ರಲ್ಲಿ ರಷ್ಯದ ಪುರಾತತ್ವಜ್ಞರೊಬ್ಬರು ನೆಲ ಅಗೆದು ಹುಡುಕಬೇಕಾಯಿತು. ಕಟ್ಟಡ ಮಣ್ಣಿನಲ್ಲಿ ಹೂತಿದ್ದಾಗಲೂ ಅಂಕಿಗಳು ಓಡಾಡುತ್ತಿದ್ದವು. ಅಲಿ ಖುಶ್ಚಿ ಇಸ್ತಾಂಬುಲಿಗೆ ಹೋದ. 1665ರಲ್ಲಿ ಆಕ್ಸ್‌ಫರ್ಡ್‌ನ ಥಾಮಸ್ ಹೈಡ್ ಆ ನಕ್ಷತ್ರ ಪಟ್ಟಿಯನ್ನು ಲ್ಯಾಟಿನ್ನಿಗೆ ತಂದ. ಹದಿನೆಂಟನೆಯ ಶತಮಾನದಲ್ಲಿ ಜೈಪುರದ ಸವಾಯಿ ಜಯಸಿಂಹ ಅದನ್ನೇ ತಳಹದಿಯಾಗಿಟ್ಟುಕೊಂಡು ತನ್ನ ಝೀಜ್ ರಚಿಸಿ, ಅದಕ್ಕೆ ಮೊಗಲ್ ದೊರೆ ಮುಹಮ್ಮದ್ ಷಾನ ಹೆಸರಿಟ್ಟ. ಅಷ್ಟೇ ಅಲ್ಲ, ಜೆಸ್ಯೂಟ್ ಪಾದ್ರಿಯ ನಾಯಕತ್ವದಲ್ಲಿ ಪೋರ್ಚುಗಲ್ಲಿಗೆ ಒಂದು ನಿಯೋಗ ಕಳಿಸಿ, ಫ್ರಾನ್ಸಿನ ದ ಲಾ ಹೀರ್‌ನ ಪಟ್ಟಿಗಳನ್ನು ತರಿಸಿ, ತನ್ನ ಅಳತೆಗೆ ಹೋಲಿಸಿ ನೋಡಿ, ಅವುಗಳಲ್ಲಿ ಚಂದ್ರನ ಸ್ಥಾನ ತಪ್ಪಿದೆ ಎಂದು ಬರೆದ. ಹಿಂದೂ ರಾಜ, ಮುಸ್ಲಿಂ ಪಾದುಷಾ, ಕ್ರೈಸ್ತ ಪಾದ್ರಿ, ಪಾರಸಿ ಭಾಷೆ. ಈಗಿನವರು ಇದನ್ನು ಸೌಹಾರ್ದದ ಕಾರ್ಯಕ್ರಮ ಎಂದು ಕರೆದು ಬ್ಯಾನರ್ ಕಟ್ಟುತ್ತಿದ್ದರೇನೋ. ಅವರಿಗೆ ಅದು ಚಂದ್ರನ ಸ್ಥಾನ ಸರಿಪಡಿಸುವ ಕೆಲಸ ಮಾತ್ರವಾಗಿತ್ತು.

ನಮ್ಮ ನಾಡಿನಲ್ಲೇ ಇಂಥದ್ದೊಂದು ಪ್ರಯತ್ನ ನಡೆದು ನಿಂತುಹೋದ ಕಥೆಯಿದೆ. ಗುಲ್ಬರ್ಗಾದಿಂದ ಆಳಿದ ಫಿರೋಜ್ ಷಾ ಬಹಮನಿ 1407ರಲ್ಲಿ ದೌಲತಾಬಾದಿನ ಹತ್ತಿರದ ಬಾಲಾಘಾಟದಲ್ಲಿ ವೇಧಶಾಲೆ ಕಟ್ಟಲು ಅಪ್ಪಣೆ ಕೊಟ್ಟ. ಹಕೀಮ್ ಹಸನ್ ಗೀಲಾನಿ, ಸೈಯದ್ ಮುಹಮ್ಮದ್ ಕಾಝರೂನಿ ಎಂಬ ವಿದ್ವಾಂಸರಿಗೆ ಅದರ ಹೊಣೆ. ಗೀಲಾನಿ ತೀರಿಕೊಂಡ, ಕಟ್ಟಡ ಅರ್ಧಕ್ಕೇ ನಿಂತಿತು. ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಇದನ್ನು ದಾಖಲಿಸದೇ ಹೋಗಿದ್ದರೆ ಆ ಸುದ್ದಿಯೂ ನಮಗೆ ಸಿಗುತ್ತಿರಲಿಲ್ಲ. ಅದು ಪೂರ್ತಿಯಾಗಿದ್ದರೆ ಸಮರ್ಕಂದಕ್ಕಿಂತ ಮೊದಲೇ ದಖ್ಖನ್ನಿನ ಝೀಜ್ ಒಂದು ಹುಟ್ಟುತ್ತಿತ್ತೋ ಏನೋ. ಒಬ್ಬ ಮನುಷ್ಯನ ತಲೆಯಲ್ಲಿದ್ದ ವಿದ್ಯೆ ಅವನ ಜೊತೆಗೇ ಕಬರಸ್ತಾನಕ್ಕೆ ಹೋಯಿತು.

ಅರಮನೆಯ ಪುಸ್ತಕಗಳಿಗಿಂತ ನಮ್ಮ ಊರುಗಳ ಕಲ್ಲುಗಳು ಈ ವಿಷಯದಲ್ಲಿ ಹೆಚ್ಚು ಉದಾರಿಗಳು. ಹರಿಹರಕ್ಕೆ ಹೋದವರು ಹರಿಹರೇಶ್ವರ ದೇವಾಲಯದ ಶಾಸನಗಳನ್ನು ನೋಡಿರುತ್ತಾರೆ. ಕನ್ನಡ ನಾಡಿನ ದಾನಶಾಸನಗಳಲ್ಲಿ ಶಕವರ್ಷ, ತಿಥಿ, ವಾರ, ಎಷ್ಟೋ ಕಡೆ ಸೂರ್ಯಗ್ರಹಣವೋ ಚಂದ್ರಗ್ರಹಣವೋ ಸಂಕ್ರಾಂತಿಯೋ ಎಂಬುದನ್ನೂ ಕೆತ್ತುತ್ತಿದ್ದರು. ಕೆತ್ತಿಸಿದವನಿಗೆ ಬೇಕಾಗಿದ್ದದ್ದು ಪುಣ್ಯ ಮತ್ತು ಭೂಮಿಯ ಹಕ್ಕಿನ ದಾಖಲೆ. ಆದರೆ ಇಂದು ಅದು ಖಗೋಳದ ದಾಖಲೆಯೂ ಆಗಿದೆ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯದ ಡಾ. ಬಿ.ಎಸ್. ಶೈಲಜಾ ಮತ್ತು ಗೀತಾ ಅವರು ಸಾವಿರಾರು ಶಾಸನಗಳಲ್ಲಿ ಇಂಥ ಉಲ್ಲೇಖಗಳನ್ನು ಹುಡುಕಿ 2016ರಲ್ಲಿ ಪುಸ್ತಕ ಮಾಡಿದರು. ನಾಸಾದ ಫ್ರೆಡ್ ಎಸ್ಪೆನಾಕ್ ಮತ್ತು ಬೆಲ್ಜಿಯಂನ ಜ್ಯಾಂ ಮೇಯುಸ್ ಐದು ಸಾವಿರ ವರ್ಷಗಳ ಗ್ರಹಣಗಳನ್ನು ಲೆಕ್ಕ ಹಾಕಿ ಪಟ್ಟಿಯನ್ನು ಎಲ್ಲರಿಗೂ ಬಿಟ್ಟಿದ್ದಾರೆ. ಶಾಸನದ ತಾರೀಖನ್ನು ಆ ಪಟ್ಟಿಗೆ ಹಚ್ಚಿ ನೋಡಲು ಈಗ ಹೈಸ್ಕೂಲು ಹುಡುಗನಿಗೂ ಸಾಧ್ಯ.

1874ರ ಡಿಸೆಂಬರ್ 9ರಂದು ಶುಕ್ರಗ್ರಹ ಸೂರ್ಯಬಿಂಬದ ಮೇಲೆ ಹಾದುಹೋಗುವುದಿತ್ತು. ಮದರಾಸು ವೇಧಶಾಲೆಯಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು ಅದಕ್ಕೆ ಮೊದಲೇ ಒಂದು ಕಿರುಪುಸ್ತಕ ಬರೆದು, ಇಂಗ್ಲಿಷಿನ ಜೊತೆಗೆ ದೇಶಭಾಷೆಗಳಲ್ಲೂ ಅಚ್ಚು ಹಾಕಿಸಿದರು. ಅವರು ಸಾಮಾನ್ಯರಲ್ಲ. 1867ರಲ್ಲಿ ಬೆಳಕು ಹೆಚ್ಚುಕಡಿಮೆಯಾಗುವ ಒಂದು ನಕ್ಷತ್ರವನ್ನು ಕಂಡುಹಿಡಿದವರು. ಆ ಕಿರುಪುಸ್ತಕ ಕನ್ನಡದಲ್ಲೂ ಬಂತು, ಉರ್ದುವಿನಲ್ಲೂ ಬಂತು. ಎರಡೂ ಭಾಷೆಯ ಶಾಲೆಗಳಲ್ಲಿ ಕಲಿತ ನನಗೆ ಈ ಸಂಗತಿ ತಿಳಿದ ದಿನ ಆದ ಸಂತೋಷವನ್ನು ಇಲ್ಲಿ ಬರೆದರೆ ಅತಿಯಾದೀತು. ನೂರೈವತ್ತು ವರ್ಷಗಳ ಹಿಂದೆ ಒಬ್ಬ ತಮಿಳು ಅಯ್ಯಂಗಾರರು ಆಕಾಶದಲ್ಲಿ ನಡೆಯಲಿರುವುದನ್ನು ಉರ್ದು ಓದುವವನಿಗೂ ಕನ್ನಡ ಓದುವವನಿಗೂ ಮೊದಲೇ ತಿಳಿಸಬೇಕೆಂದುಕೊಂಡರು. ಇಂದು ಅಷ್ಟೇ ಸುಲಭವಾಗಿ ಈ ಎರಡು ಭಾಷೆಗಳಲ್ಲಿ ಎಷ್ಟು ಖಗೋಳ ಸಿಗುತ್ತದೆ ಎಂದು ಹುಡುಕಿ ನೋಡಿದವರಿಗೆ ನನ್ನ ಹೊಟ್ಟೆನೋವು ಅರ್ಥವಾದೀತು.

ಈಗ ಹೈದರಾಬಾದಿಗೆ ಬರೋಣ. ಈ ಲೇಖನ ಬರೆಯಲು ಕೂತದ್ದೇ ಆ ಕಥೆಗಾಗಿ.

ನವಾಬ್ ಝಫರ್ ಜಂಗ್ ನಿಜಾಮರ ಆಡಳಿತದ ಒಬ್ಬ ದೊಡ್ಡ ಸರದಾರ. ಇಂಗ್ಲೆಂಡಿನಲ್ಲಿ ಓದಿ ಬಂದವರು. ಅಂಥವರು ಕುದುರೆಗೋ ಮೋಟಾರಿಗೋ ದುಡ್ಡು ಹಾಕುತ್ತಿದ್ದ ಕಾಲದಲ್ಲಿ ಇವರು 1901ರಲ್ಲಿ ಹದಿನೈದು ಅಂಗುಲದ ಗ್ರಬ್ ದೂರದರ್ಶಕ ತರಿಸಿ, ಹೈದರಾಬಾದಿನ ಫಿಸಲ್‌ಬಂಡಾದ ತಮ್ಮ ಜಾಗದಲ್ಲಿ ವೇಧಶಾಲೆ ತೆರೆದರು. ಆಕಾಶದ ಫೋಟೋ ತೆಗೆಯುವ ಎಂಟು ಅಂಗುಲದ ಕುಕ್ ಆಸ್ಟ್ರೋಗ್ರಾಫ್ ಕೂಡ ಕೊಂಡರು. ದೊರೆಯ ಅನುಮತಿ ಪಡೆದು 'ನಿಜಾಮಿಯಾ' ಎಂದು ಹೆಸರಿಟ್ಟರು. 1907ರಲ್ಲಿ ಅವರು ತೀರಿಕೊಂಡರು. ಆದರೆ ಬಾಲಾಘಾಟದ ಕಥೆ ಮರುಕಳಿಸಲಿಲ್ಲ. ಸಾಯುವ ಮೊದಲೇ ಅವರು ಇದನ್ನು ಸರ್ಕಾರ ವಹಿಸಿಕೊಳ್ಳಬೇಕೆಂದು ಬೇಡಿಕೆ ಇಟ್ಟಿದ್ದರು. 1908ರಲ್ಲಿ ನಿಜಾಮ್ ಸರ್ಕಾರದ ಹಣಕಾಸು ಇಲಾಖೆ ಅದನ್ನು ತನ್ನ ಕೈಗೆ ತೆಗೆದುಕೊಂಡಿತು. ಚಾಟ್‌ವುಡ್ ಎಂಬ ಇಂಗ್ಲಿಷರು ನಿರ್ದೇಶಕರಾಗಿ ಬಂದು ವೇಧಶಾಲೆಯನ್ನು ಬೇಗಂಪೇಟೆಗೆ ಸಾಗಿಸಿದರು. ಗುಲ್ಬರ್ಗಾ, ರಾಯಚೂರು, ಬೀದರ ಜಿಲ್ಲೆಗಳು 1956ರವರೆಗೆ ಹೈದರಾಬಾದಿಗೇ ಸೇರಿದ್ದವು ಎಂಬುದನ್ನು ಓದುಗರು ನೆನಪಿಡಬೇಕು. ಆ ಖಜಾನೆಯಲ್ಲಿ ಕನ್ನಡದ ರೈತ ಕಟ್ಟಿದ ಕಂದಾಯವೂ ಇತ್ತು.

ಆ ಹೊತ್ತಿಗೆ ಪ್ಯಾರಿಸ್ಸಿನಿಂದ ಒಂದು ಮಹಾಯೋಜನೆ ನಡೆಯುತ್ತಿತ್ತು. 1887ರಲ್ಲಿ ಪ್ಯಾರಿಸ್ ವೇಧಶಾಲೆಯ ಅಡ್ಮಿರಲ್ ಮೂಶೆ ಹಲವು ದೇಶಗಳ ಖಗೋಳಜ್ಞರನ್ನು ಕೂಡಿಸಿ, ಇಡೀ ಆಕಾಶವನ್ನು ಪಟ್ಟಿ ಪಟ್ಟಿಯಾಗಿ ಹಂಚಿಕೊಂಡು ಗಾಜಿನ ಫಲಕಗಳ ಮೇಲೆ ಫೋಟೋ ತೆಗೆದು, ನಕ್ಷತ್ರಗಳನ್ನೆಲ್ಲ ಅಳೆದು ಪುಸ್ತಕ ಮಾಡೋಣ ಎಂದಿದ್ದರು. 'ಕಾರ್ಟ್ ದ್ಯು ಸಿಯೆಲ್', ಅಂದರೆ ಆಕಾಶದ ನಕ್ಷೆ. ಸುಮಾರು ಇಪ್ಪತ್ತು ವೇಧಶಾಲೆಗಳು ಒಪ್ಪಿಕೊಂಡವು. ಚಿಲಿ ದೇಶದ ಸಾಂತಿಯಾಗೋಗೆ ಕೊಟ್ಟಿದ್ದ ಪಟ್ಟಿ ಮುಂದೆ ಸಾಗದೆ ಉಳಿದಾಗ ಹೈದರಾಬಾದ್ ಅದನ್ನು ವಹಿಸಿಕೊಂಡಿತು. ಆಕಾಶದ ವಿಷುವದ್ವೃತ್ತದಿಂದ ದಕ್ಷಿಣಕ್ಕೆ 17 ಡಿಗ್ರಿಯಿಂದ 23 ಡಿಗ್ರಿಯವರೆಗಿನ ನಡುಕಟ್ಟು ಅದು.

ದಾವಣಗೆರೆಯಿಂದ ನೋಡಿದರೆ ಆ ಪಟ್ಟಿ ದಕ್ಷಿಣಕ್ಕೆ ಮುಖ ಮಾಡಿ ನಿಂತವನ ತಲೆಯಿಂದ ಸ್ವಲ್ಪ ಕೆಳಗೆ ಹಾದುಹೋಗುತ್ತದೆ. ಕುರ್‌ಆನಿನ 'ಅನ್ನಜ್ಮ್' ಅಧ್ಯಾಯದಲ್ಲಿ ಹೆಸರಿಸಿದ ಶಿಅರಾ, ನಾವು ಲುಬ್ಧಕ ಎನ್ನುವ ಆ ಮಹಾ ನಕ್ಷತ್ರ, ಈ ಪಟ್ಟಿಗೆ ಕೂದಲೆಳೆಯಷ್ಟು ಉತ್ತರದಲ್ಲಿ ಹೊರಗುಳಿಯುತ್ತದೆ. ಆದರೆ ಮಹಾವ್ಯಾಧನ ಕಾಲಡಿಯ ಮೊಲ, ಅರಬ್ಬಿ ಹೆಸರಿನ 'ಅರ್ನಬ್', ಒಳಗಿದೆ. ನಮ್ಮ ಅನೂರಾಧಾ ನಕ್ಷತ್ರದ ಮುಖ್ಯ ಚುಕ್ಕಿಯೂ ಒಳಗಿದೆ. ಅದರ ಮಗ್ಗುಲಲ್ಲಿರುವ ಚುಕ್ಕಿಗೆ ಅರಬರು ಕೊಟ್ಟ 'ಅಕ್ರಬ್', ಅಂದರೆ ಚೇಳು, ಎಂಬ ಹೆಸರು ಇಂದಿನ ಅಂತಾರಾಷ್ಟ್ರೀಯ ಪಟ್ಟಿಯಲ್ಲೂ ಹಾಗೇ ಇದೆ.

ಕೆಲಸ ಹೇಗಿತ್ತೆಂದರೆ, ರಾತ್ರಿಯೆಲ್ಲ ದೂರದರ್ಶಕಕ್ಕೆ ಕಣ್ಣು ಹಚ್ಚಿ ಫಲಕಕ್ಕೆ ಬೆಳಕು ಹಿಡಿಸುವುದು. ಒಂದು ಫಲಕಕ್ಕೆ ಆಕಾಶದ ಎರಡು ಡಿಗ್ರಿ ಅಗಲ, ಎರಡು ಡಿಗ್ರಿ ಉದ್ದದ ತುಂಡು ಮಾತ್ರ ಸಿಗುತ್ತಿತ್ತು. ಫಲಕದ ಮೇಲೆ ಐದೈದು ಮಿಲಿಮೀಟರಿಗೆ ಒಂದರಂತೆ ಗೆರೆಗಳ ಬಲೆಯನ್ನೂ ಮೂಡಿಸುತ್ತಿದ್ದರು. ಹಗಲು ಹೊತ್ತು ಗುಮಾಸ್ತರು ಸೂಕ್ಷ್ಮದರ್ಶಕದ ಕೆಳಗೆ ಅದೇ ಫಲಕ ಇಟ್ಟುಕೊಂಡು, ಪ್ರತಿ ಚುಕ್ಕಿಯೂ ಯಾವ ಚೌಕದಲ್ಲಿ, ಎಡಗೆರೆಯಿಂದ ಎಷ್ಟು, ಕೆಳಗೆರೆಯಿಂದ ಎಷ್ಟು ಎಂದು ಅಳೆದು ಬರೆಯುತ್ತಿದ್ದರು. ದಿನವಿಡೀ ಇದೇ. ವ್ಯಾಟಿಕನ್ ವೇಧಶಾಲೆಯ ಪಾಲಿನ ಕೆಲಸದಲ್ಲಿ ನಾಲ್ವರು ಕ್ರೈಸ್ತ ಸನ್ಯಾಸಿನಿಯರು 1910ರಿಂದ 1921ರವರೆಗೆ ಸುಮಾರು 4.8 ಲಕ್ಷ ನಕ್ಷತ್ರಗಳನ್ನು ಅಳೆದರು. ಅವರ ಹೆಸರುಗಳು ಹೊರಜಗತ್ತಿಗೆ ತಿಳಿದದ್ದು 2016ರಲ್ಲಿ. ಅಳೆದವರ ಬದುಕು ಎಲ್ಲ ಕಡೆಯೂ ಹೀಗೇ. ಕಥೆಗಾರನಾಗಿ ನನಗೆ ಉಲೂಗ್ ಬೇಗ್‌ಗಿಂತ ಇವರ ಮೇಲೆಯೇ ಮೋಹ.

ಚಾಟ್‌ವುಡ್ ಹೋದ ಮೇಲೆ ಪೋಕಾಕ್ ಬಂದರು, 1918ರಲ್ಲಿ ತೀರಿಕೊಂಡರು. ಆಮೇಲೆ ಟಿ.ಪಿ. ಭಾಸ್ಕರನ್ ಮೊದಲ ಭಾರತೀಯ ನಿರ್ದೇಶಕರಾಗಿ 1944ರವರೆಗೆ ಇದ್ದರು. ತಮ್ಮ ಪಾಲಿನ ದಕ್ಷಿಣದ ಪಟ್ಟಿಯನ್ನು 1929ರ ವೇಳೆಗೆ ಮುಗಿಸಿದ್ದಲ್ಲದೆ, ಜರ್ಮನಿಯ ಪೊಟ್ಸ್‌ಡಾಮ್ ಮುಗಿಸಲಾರದೆ ಹೋದ ಉತ್ತರದ ಒಂದು ಪಟ್ಟಿಯನ್ನೂ ಹೈದರಾಬಾದಿನವರೇ ಅಳೆದುಕೊಟ್ಟರು. ಹನ್ನೆರಡು ಸಂಪುಟಗಳು ಅಚ್ಚಾದವು. ಅವುಗಳಲ್ಲಿ ಲಕ್ಷಾಂತರ ನಕ್ಷತ್ರಗಳಿವೆ. ಅದೇ ವೇಧಶಾಲೆಯಲ್ಲಿ ಸಹಾಯಕರಾಗಿದ್ದ ಬಾಪ್ಪು ಎಂಬ ಮಲಯಾಳಿಯವರ ಮಗ ಅಲ್ಲೇ ಓಡಾಡಿ ಬೆಳೆದು, ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದಿಂದ ಹಾರ್ವರ್ಡಿಗೆ ಹೋಗಿ, 1949ರಲ್ಲಿ ಒಂದು ಧೂಮಕೇತು ಕಂಡುಹಿಡಿದ. ಆತನೇ ವೇಣು ಬಾಪ್ಪು. ಮುಂದೆ ಬೆಂಗಳೂರಿನ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆಯನ್ನು ಬೆಳೆಸಿದವರು. ಭಾಸ್ಕರನ್ನರ ನಂತರ ಅಕ್ಬರ್ ಅಲಿ 1960ರವರೆಗೆ ನಿಜಾಮಿಯಾವನ್ನು ನಡೆಸಿ, ಓಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ 48 ಅಂಗುಲದ ದೂರದರ್ಶಕ ತರಿಸಲು ಓಡಾಡಿದರು. ರಂಗಾಪುರದ ವೇಧಶಾಲೆ ಅದರ ಫಲ.

ಇಷ್ಟೆಲ್ಲ ದುಡಿದ ಮೇಲೆ ಆ ಸಂಪುಟಗಳು ಏನಾದವು? ಧೂಳು ತಿಂದವು. ಮೂಶೆಯ ಯೋಜನೆಯಲ್ಲಿ ಒಂದು ದೊಡ್ಡ ದೋಷವಿತ್ತು. ಬಹುತೇಕ ವೇಧಶಾಲೆಗಳು ಅಚ್ಚು ಹಾಕಿದ್ದು ಫಲಕದ ಮೇಲಿನ ಅಳತೆಯನ್ನೇ ಹೊರತು ಆಕಾಶದ ಸ್ಥಾನವನ್ನಲ್ಲ. ಯಾರಿಗಾದರೂ ಒಂದು ನಕ್ಷತ್ರ ಬೇಕೆಂದರೆ ಸರಿಯಾದ ಸಂಪುಟ, ಸರಿಯಾದ ಫಲಕ ಹುಡುಕಿ, ಗಣಿತ ಮಾಡಿ ಸ್ಥಾನ ತೆಗೆಯಬೇಕು. ಇಡೀ ಪಟ್ಟಿ ಪೂರ್ತಿ ಅಚ್ಚಾಗುವ ಹೊತ್ತಿಗೆ 1960ರ ದಶಕ ಬಂದಿತ್ತು. ಸುಮಾರು 46 ಲಕ್ಷ ನಕ್ಷತ್ರಗಳ ಅಳತೆಗಳು ಕಪಾಟುಗಳಲ್ಲಿ ಕೂತವು. ಇಡೀ ಯೋಜನೆಯೇ ವ್ಯರ್ಥವಾಯಿತೆಂದು ಹೇಳಿದವರೂ ಇದ್ದರು.

ಆಮೇಲೆ ನಡೆದದ್ದು ನನಗೆ ಪವಾಡದಂತೆ ಕಾಣುತ್ತದೆ, ಖಗೋಳಜ್ಞರಿಗೆ ಹಾಗೆ ಕಾಣದಿರಬಹುದು. 1989ರಲ್ಲಿ ಯೂರೋಪಿನವರು ಹಿಪ್ಪಾರ್ಕಸ್ ಎಂಬ ಉಪಗ್ರಹ ಹಾರಿಸಿದರು. ನಕ್ಷತ್ರಗಳ ಸ್ಥಾನವನ್ನು ಹಿಂದೆಂದೂ ಇಲ್ಲದಷ್ಟು ನಿಖರವಾಗಿ ಅಳೆಯುವುದು ಅದರ ಕೆಲಸ. ಆದರೆ ನಕ್ಷತ್ರ ಚಲಿಸುತ್ತದೆ. ಎಷ್ಟು ಚಲಿಸುತ್ತದೆಂದು ತಿಳಿಯಲು ಇಂದಿನ ಜಾಗ ಒಂದೇ ಸಾಲದು, ಹಿಂದೆ ಎಲ್ಲಿತ್ತು ಎಂಬುದೂ ಬೇಕು. ಒಂದೇ ಕಿಟಕಿಯಿಂದ ಎಪ್ಪತ್ತು ವರ್ಷಗಳ ಅಂತರದಲ್ಲಿ ತೆಗೆದ ಎರಡು ಫೋಟೋ ಇದ್ದರೆ ಯಾರ ಮನೆ ಎಷ್ಟು ಮುಂದೆ ಬಂತು ಎಂದು ಹೇಳಬಹುದಲ್ಲ, ಹಾಗೆ. ಉಪಗ್ರಹಕ್ಕೆ ಹಿಂದಿನ ಕಾಲಕ್ಕೆ ಹೋಗಲು ಬರುವುದಿಲ್ಲ. ಹಿಂದಿನ ಫೋಟೋ ಇದ್ದದ್ದು ಆ ಧೂಳಿನ ಸಂಪುಟಗಳಲ್ಲಿ. ಮಾಸ್ಕೋ, ವಾಷಿಂಗ್ಟನ್‌ಗಳಲ್ಲಿ ಆ ಅಂಕಿಗಳನ್ನು ಕಂಪ್ಯೂಟರಿಗೆ ಏರಿಸಿ, ಹಿಪ್ಪಾರ್ಕಸ್‌ನ ನೆರವಿನಿಂದ ಆಕಾಶದ ಸ್ಥಾನಗಳಾಗಿ ಬದಲಿಸಿದರು. 2000ದಲ್ಲಿ 25 ಲಕ್ಷ ನಕ್ಷತ್ರಗಳ 'ಟೈಕೋ-2' ಪಟ್ಟಿ ಹೊರಬಂತು. ಅದರಲ್ಲಿರುವ ಚಲನೆಯ ಲೆಕ್ಕಕ್ಕೆ ಹೈದರಾಬಾದ್ ಸೇರಿದಂತೆ ಆ ಹಳೆಯ ವೇಧಶಾಲೆಗಳ ಅಳತೆಯೇ ಆಧಾರ.

ಆ ಪಟ್ಟಿ ಇರುವುದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ನಗರದ ಖಗೋಳ ದತ್ತಾಂಶ ಕೇಂದ್ರದ 'ವಿಜ಼ಿಯರ್' ಎಂಬ ಅಂತರ್ಜಾಲ ಭಂಡಾರದಲ್ಲಿ. 1972ರಲ್ಲಿ ಹುಟ್ಟಿದ ಕೇಂದ್ರವಿದು. ಸಾವಿರಾರು ನಕ್ಷತ್ರ ಪಟ್ಟಿಗಳಿಗೆ ಅಲ್ಲಿ ಒಂದೊಂದು ಗುರುತು ಸಂಖ್ಯೆ, ಟೈಕೋ-2ರದ್ದು ಐ/259. ಕಳೆದ ವರ್ಷ ನನ್ನ ತಂಗಿಯ ಮಗಳು ನನ್ನೆದುರಿಗೇ ಅದನ್ನು ತೆರೆದು, ಅರ್ನಬ್‌ನ ಸುತ್ತಲಿನ ಒಂದು ಚೂರು ಆಕಾಶ ಕೇಳಿದಳು. ಹೆಸರಿಲ್ಲದ ನಕ್ಷತ್ರಗಳ ಸಾಲುಗಳು ಪರದೆ ತುಂಬ ಇಳಿದವು. ಬೇಗಂಪೇಟೆಯ ಯಾರೋ ಗುಮಾಸ್ತರ ಕಣ್ಣು ನೋಯಿಸಿದ ಚುಕ್ಕಿಗಳು, ದೇವರಾಜ ಅರಸು ಬಡಾವಣೆಯ ಒಂದು ಹಗಲಿನಲ್ಲಿ.

ಅವಳು ಈ ದಾರಿ ಹಿಡಿದದ್ದಕ್ಕೂ ಒಂದು ಕಾರಣವಿತ್ತು. ಡಿಗ್ರಿಯ ಪ್ರಾಜೆಕ್ಟಿಗೆ ಖಗೋಳದ ವಿಷಯ ಕೇಳಿದಾಗ, "ದೂರದರ್ಶಕ ಇಲ್ಲದೆ ಏನು ಮಾಡ್ತೀಯಮ್ಮ, ಬೇರೆ ವಿಷಯ ತಗೋ" ಎಂದಿದ್ದರಂತೆ. ಕಾಲೇಜಿನ ಹೆಸರು ಬೇಡ. ಹೇಳಿದವರ ಮನಸ್ಸೂ ಕೆಟ್ಟದ್ದಲ್ಲ. ಆದರೆ ದೂರದರ್ಶಕ ಇದ್ದವನೇ ಖಗೋಳಜ್ಞ ಎಂಬ ಕಾಲ ಹೋಗಿ ಬಹಳ ದಿನವಾಯಿತು. ಕೆಪ್ಲರ್ ಕೂಡ ಗ್ರಹಗಳ ನಿಯಮ ಕಂಡದ್ದು ತನ್ನ ಕಣ್ಣಿನಿಂದಲ್ಲ, ಟೈಕೋ ಬ್ರಾಹೆಯ ಲೆಕ್ಕದ ಪುಸ್ತಕಗಳಿಂದ. ಅವುಗಳಿಗಾಗಿ ಟೈಕೋನ ವಾರಸುದಾರರೊಡನೆ ವರ್ಷಗಟ್ಟಲೆ ಜಗಳವಾಡಿದ. ಇಂದು ಆ ಜಗಳ ಬೇಕಿಲ್ಲ. ಕೊಡೈಕನಾಲ್‌ನಲ್ಲಿ 1904ರಿಂದ ತೆಗೆಯುತ್ತ ಬಂದ ಸೂರ್ಯನ ಚಿತ್ರಗಳನ್ನು ಕೋರಮಂಗಲದ ಸಂಸ್ಥೆ ಗಾಜಿನಿಂದ ಗಣಕಕ್ಕೆ ಇಳಿಸಿ ಜಗತ್ತಿಗೆ ಕೊಟ್ಟಿದೆ. ಬೆಲ್ಜಿಯಂನವರು ಸೂರ್ಯನ ಕಲೆಗಳ ದೈನಂದಿನ ಎಣಿಕೆ ಕೊಡುತ್ತಾರೆ. ಹುಡುಗಿ ಇವೆರಡನ್ನೂ ಹೋಲಿಸಿ, ಸೂರ್ಯನ ಕಲೆಗಳು ಹನ್ನೊಂದು ವರ್ಷಕ್ಕೊಮ್ಮೆ ಏರಿ ಇಳಿಯುವುದನ್ನು ಗೆರೆ ಎಳೆದು ತೋರಿಸಿದಳು. 2022ರಲ್ಲಿ ನಮ್ಮ ರಾಜ್ಯದ ಕಾಲೇಜು ಬಾಗಿಲುಗಳಲ್ಲಿ ಹೆಣ್ಣುಮಕ್ಕಳು ನಿಂತದ್ದನ್ನು ಕಂಡವರು ನಾವು. ಈ ಭಂಡಾರಗಳ ಬಾಗಿಲಲ್ಲಿ ತಲೆಯ ಮೇಲೆ ಏನಿದೆ ಎಂದು ಕೇಳುವವರಿಲ್ಲ.

ಕರ್ನಾಟಕದ ನೆಲದಲ್ಲೇ ಈಗ ಇಂಥ ದತ್ತಾಂಶದ ದೊಡ್ಡ ಕಣಜಗಳಿವೆ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು 2001ರಿಂದ ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತು, ಉಪಗ್ರಹ ಸಂಪರ್ಕದ ಮೂಲಕ ತಿರುಗಿಸುತ್ತಾರೆ. ಅಲ್ಲಿ ಹಿಮ, ಇಲ್ಲಿ ಕಾಫಿ. ಬ್ಯಾಲಾಳು ಗ್ರಾಮದಲ್ಲಿ ಇಸ್ರೋದ ದೊಡ್ಡ ಆಂಟೆನಾಗಳ ಜೊತೆಗೆ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರವಿದೆ. 2015ರಲ್ಲಿ ಹಾರಿದ ಆಸ್ಟ್ರೋಸ್ಯಾಟ್, ಚಂದ್ರಯಾನಗಳು, 2023ರಲ್ಲಿ ಹೊರಟ ಆದಿತ್ಯ-ಎಲ್1 ಕಳಿಸುವ ಮಾಹಿತಿ ಅಲ್ಲಿ ಸಂಗ್ರಹವಾಗುತ್ತದೆ. ಆಸ್ಟ್ರೋಸ್ಯಾಟ್‌ನ ಮಾಹಿತಿ 2018ರಿಂದ ಸಾರ್ವಜನಿಕರಿಗೂ ತೆರೆದಿದೆ. ಚಂದ್ರಯಾನ-3ರ ಮಾಹಿತಿಯನ್ನು 2024ರ ಆಗಸ್ಟ್ 23ರಂದು ಬಿಡುಗಡೆ ಮಾಡಿದರು. ಒಂದು ವೀಕ್ಷಣೆಗೆ ಯೋಜನೆ ಬರೆದು ಶ್ರಮಪಟ್ಟವರಿಗೆ ಮೊದಲ ಕೆಲವು ತಿಂಗಳು ಮೀಸಲು, ಆಮೇಲೆ ಎಲ್ಲರಿಗೂ. ಈ ಏರ್ಪಾಡು ನ್ಯಾಯವಾದದ್ದೇ. ಹೀಗೆ ಎಲ್ಲರಿಗೂ ತೆರೆದಿಟ್ಟ ಕಾರಣಕ್ಕೇ 2007ರಲ್ಲಿ ಹಾಲೆಂಡಿನ ಹನ್ನಿ ವಾನ್ ಆರ್ಕೆಲ್ ಎಂಬ ಶಾಲಾ ಶಿಕ್ಷಕಿ ಗೆಲಾಕ್ಸಿಗಳ ಚಿತ್ರಗಳನ್ನು ನೋಡುತ್ತಾ, ತಜ್ಞರ ಕಣ್ಣಿಗೆ ಬೀಳದ ವಿಚಿತ್ರ ಹಸಿರು ಮೋಡವೊಂದನ್ನು ಕಂಡಳು.

ನಮ್ಮ ಸಭೆಗಳಲ್ಲಿ ಅಲ್-ಸೂಫಿ, ಉಲೂಗ್ ಬೇಗ್ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವ ಭಾಷಣಕಾರರಿಗೆ ಕೊರತೆಯಿಲ್ಲ. ಆ ಮಹನೀಯರು ಮಾಡಿದ್ದು ಭಾಷಣವಲ್ಲ, ಪ್ರತಿ ರಾತ್ರಿ ಬರೆದಿಟ್ಟದ್ದು. ಚಂದ್ರದರ್ಶನದ ವಿಷಯವನ್ನೇ ತೆಗೆದುಕೊಳ್ಳಿ. ಎಳೆ ಚಂದ್ರ ಯಾವಾಗ ಕಾಣುತ್ತಾನೆ ಎಂಬುದಕ್ಕೆ ಅಲ್-ಖ್ವಾರಿಝ್ಮಿಯ ಕಾಲದಿಂದ ಪಟ್ಟಿಗಳಿವೆ. ನಮ್ಮ ಕಾಲದಲ್ಲಿ ಇಂಗ್ಲೆಂಡಿನ ಯಾಲಪ್ 1997ರಲ್ಲಿ ಒಂದು ಸೂತ್ರ ಕೊಟ್ಟರು. ಜೋರ್ಡಾನ್‌ನ ಮುಹಮ್ಮದ್ ಔದಾ ಅವರು ಹಲವು ದೇಶಗಳ ವೀಕ್ಷಕರನ್ನು ಅಂತರ್ಜಾಲದ ಮೂಲಕ ಒಟ್ಟುಗೂಡಿಸಿ, ಹಳೆಯ ಹೊಸ ದಾಖಲೆಗಳೆಲ್ಲ ಸೇರಿ 737 ವೀಕ್ಷಣೆಗಳನ್ನು ಆಧರಿಸಿ ಇನ್ನೊಂದು ಸೂತ್ರ ಕಟ್ಟಿದರು. ಇದರಲ್ಲಿ ನನ್ನ ಮನಸ್ಸು ತಟ್ಟಿದ ಅಂಶ ಒಂದೇ. ಆ ವೀಕ್ಷಣೆಗಳಲ್ಲಿ 'ಕಂಡಿತು' ಎಂಬವು ಎಷ್ಟು ಮುಖ್ಯವೋ 'ಹುಡುಕಿದೆವು, ಕಾಣಲಿಲ್ಲ' ಎಂಬವೂ ಅಷ್ಟೇ ಮುಖ್ಯ. ಕಾಣದ ಸಂಜೆಗಳಿಲ್ಲದೆ ಕಾಣುವ ಗಡಿ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ.

ನಮ್ಮಲ್ಲಿ ಕಂಡವನ ಸಾಕ್ಷಿ ಕೇಳುತ್ತೇವೆ. ಕಾಣದವನು ಮನೆಗೆ ಹೋಗಿ ಮಲಗುತ್ತಾನೆ. ಕರಾವಳಿಯವರು ಕೆಲವು ವರ್ಷ ಕೇರಳದ ಜೊತೆ ಒಂದು ದಿನ ಮೊದಲೇ ಹಬ್ಬ ಮಾಡುತ್ತಾರೆ, ನಾವು ಮರುದಿನ. ಒಂದು ವರ್ಷ ನಮ್ಮ ಬಳಗದಲ್ಲೇ ಅಣ್ಣನ ಮನೆಯಲ್ಲಿ ಶೀರ್‌ಖುರ್ಮಾ, ತಮ್ಮನ ಮನೆಯಲ್ಲಿ ಉಪವಾಸ ಆಗಿ, ಅಣ್ಣತಮ್ಮಂದಿರ ಮಾತು ಮೂರು ತಿಂಗಳು ನಿಂತಿತ್ತು. ಲೆಕ್ಕ ಒಪ್ಪಬೇಕೋ ಕಣ್ಣೇ ಬೇಕೋ ಎಂಬುದು ಉಲಮಾಗಳು ತೀರ್ಮಾನಿಸುವ ವಿಷಯ. ಅದರಲ್ಲಿ ತಲೆ ಹಾಕುವ ಅರ್ಹತೆ ನನಗಿಲ್ಲ. ಆದರೆ ಚಂದ್ರ ಸೂರ್ಯನಿಗಿಂತ ಮೊದಲೇ ಮುಳುಗಿದ ಸಂಜೆಯಲ್ಲಿ 'ಕಂಡೆ' ಎಂದು ಬಂದ ಸಾಕ್ಷಿಯನ್ನು ಪರೀಕ್ಷಿಸಲು ಲೆಕ್ಕ ಉಪಯೋಗಕ್ಕೆ ಬರುತ್ತದೆ. ಅಷ್ಟಕ್ಕಾದರೂ ಅದನ್ನು ಕರೆದರೆ ಎಷ್ಟೋ ಮನೆಗಳ ಜಗಳ ತಪ್ಪುತ್ತದೆ.

ಆ ಶುಕ್ರವಾರ ರಾತ್ರಿ ಸೌದಿಯಲ್ಲಿ ಚಂದ್ರದರ್ಶನವಾಯಿತೆಂಬ ಸುದ್ದಿ ಮೊಬೈಲಿಗೆ ಬಂತು. ಅಲ್ಲಿ ದುಡಿಯುವ ನಮ್ಮ ಮನೆಯ ಹುಡುಗ "ನಮಗೆ ನಾಳೆಯೇ ರೋಝಾ, ನಿಮಗೆ?" ಎಂದು ಕೇಳಿದ. ನಮಗೆ ಭಾನುವಾರ, ಮಾರ್ಚ್ 2. ಶನಿವಾರ ಸಂಜೆ ಮತ್ತೆ ಮಹಡಿ ಹತ್ತಿದೆವು. ಈ ಸಲ ಹುಡುಕಬೇಕಾಗಲಿಲ್ಲ. ಶುಕ್ರನ ಕೆಳಗೆ ಚಂದ್ರ ಸ್ಪಷ್ಟವಾಗಿ ನಿಂತಿದ್ದ.

ಎಲ್ಲರೂ ದುಆ ಮಾಡಿ ಇಳಿದ ಮೇಲೆ ಹುಡುಗಿ ಹಳೆಯ ನೋಟ್‌ಬುಕ್ಕೊಂದನ್ನು ತಂದು ಎರಡು ಸಾಲು ಬರೆದಳು. ಅಕ್ಷರ ಕನ್ನಡದ್ದು, ತಿಂಗಳ ಹೆಸರು ಅರಬ್ಬಿಯದು:

"29 ಶಾಬಾನ್, 28-2-2025, ದಾವಣಗೆರೆ. ಐದು ಜನ ನೋಡಿದೆವು. ದಿಗಂತದಲ್ಲಿ ಧೂಳು. ಕಾಣಲಿಲ್ಲ."

"30 ಶಾಬಾನ್, 1-3-2025, ದಾವಣಗೆರೆ. ಕಂಡಿತು."

ಆಮೇಲೆ ಕೆಳಗಿನ ಗೆರೆಗಳನ್ನು ಮುಂದಿನ ತಿಂಗಳಿಗೆಂದು ಖಾಲಿ ಬಿಟ್ಟು, ಪೆನ್ನಿನ ಕ್ಯಾಪು ಹುಡುಕತೊಡಗಿದಳು.